ಆರು ಗಂಟೆ ಒಂದೇ ಕುರ್ಚಿಯಲ್ಲಿ: ಕಪ್ಪು ಅಮೆರಿಕನ್ನರ ನ್ಯಾಚುರಲ್ ಹೇರ್ ಸಲೂನ್

ಅಮೆರಿಕಕ್ಕೆ ಹೋದ ನಮ್ಮವರ ಮಕ್ಕಳು ಶಾಲೆಗೆ ಸೇರಿದ ಹೊಸದರಲ್ಲಿ ಮನೆಗೆ ತರುವ ಪ್ರಶ್ನೆಗಳಲ್ಲಿ ಇದೂ ಒಂದು: "ಅಮ್ಮಾ, ನನ್ನ ಫ್ರೆಂಡ್ ಕೂದಲು ಶುಕ್ರವಾರ ಕಿವಿ ತನಕ ಇತ್ತು. ಸೋಮವಾರ ಸೊಂಟದ ತನಕ ಬಂದಿದೆ. ಹೇಗೆ?" ಅಮ್ಮನಿಗೂ ಗೊತ್ತಿರುವುದಿಲ್ಲ. ಕೇಳೋಣ ಅಂದರೆ ತಪ್ಪು ತಿಳಿದಾರು ಅನ್ನುವ ಸಂಕೋಚ.

ಇತ್ತ ಬೆಂಗಳೂರಿನ ಪಾರ್ಲರುಗಳಲ್ಲಿ ಕೂದಲು ನೇರ ಮಾಡಿಸುವುದು ಮದುವೆ ಸೀಸನ್ನಿನ ಮಾಮೂಲಿ ಕೆಲಸ. ಅಂಥ ರಾಸಾಯನಿಕಗಳ ಬಗ್ಗೆ 2022ರಲ್ಲಿ ಅಮೆರಿಕದಿಂದ ಒಂದು ಆತಂಕದ ಸುದ್ದಿ ಬಂತು. ಅದೇ ದೇಶದಲ್ಲಿ ಕೂದಲ ಶೈಲಿಗೆ ರಕ್ಷಣೆ ಕೊಡಲು ರಾಜ್ಯಗಳು ಒಂದಾದ ಮೇಲೊಂದು ಕಾನೂನು ಮಾಡುತ್ತಿವೆ. ಕೂದಲಿಗೂ ಕಾನೂನಾ ಅಂತ ಅನ್ನಿಸುತ್ತದೆ ಅಲ್ವಾ?

ಈ ಪ್ರಶ್ನೆಗಳ ಎಳೆ ಹಿಡಿದು ಹೋದರೆ ನಾವು ಒಂದೇ ಜಾಗಕ್ಕೆ ತಲುಪುತ್ತೇವೆ. ಅದು ಕಪ್ಪು ಅಮೆರಿಕನ್ನರ ನ್ಯಾಚುರಲ್ ಹೇರ್ ಸಲೂನ್.

'ನ್ಯಾಚುರಲ್' ಅಂದರೆ ಏನು?

ಆಫ್ರಿಕನ್ ಮೂಲದ ಹೆಚ್ಚಿನವರ ಕೂದಲು ಹುಟ್ಟಿನಿಂದಲೇ ಬಿಗಿ ಸುರುಳಿ. ಅದನ್ನು ರಾಸಾಯನಿಕ ಹಚ್ಚಿ ನೇರ ಮಾಡದೆ, ಇದ್ದ ಹಾಗೇ ಬೆಳೆಸಿದರೆ ಅದು ನ್ಯಾಚುರಲ್ ಹೇರ್. ಅದಕ್ಕೆ ಜಡೆ ಹಾಕಬಹುದು, ಹೊಸೆಯಬಹುದು, ಬಿಟ್ಟುಕೊಂಡು ಓಡಾಡಬಹುದು. ಸುರುಳಿಯ ಗುಣ ಕೆಡಿಸಿರಬಾರದು, ಅಷ್ಟೇ.

ಈ ಸಲೂನಿನಲ್ಲಿ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ನೇರ ಮಾಡುವ ರಾಸಾಯನಿಕಕ್ಕೆ ರಿಲ್ಯಾಕ್ಸರ್ ಅಂತ ಹೆಸರು. ಅದನ್ನು ಬಿಟ್ಟು ಸಹಜ ಕೂದಲಿಗೆ ಮರಳಲು ಎರಡು ದಾರಿ. ನಿಧಾನವಾಗಿ ಬೆಳೆಸುತ್ತಾ ತುದಿ ಕತ್ತರಿಸುತ್ತಾ ಹೋಗುವುದು ಟ್ರಾನ್ಸಿಷನ್. ಒಂದೇ ಸಲ ನೇರ ಕೂದಲನ್ನೆಲ್ಲ ಕತ್ತರಿಸಿಬಿಡುವುದು ಬಿಗ್ ಚಾಪ್. ಬಾಚಣಿಗೆ ತಾಗಿದರೇ ಕಣ್ಣಲ್ಲಿ ನೀರು ಬರುವ ಹುಡುಗಿಗೆ ಟೆಂಡರ್ ಹೆಡೆಡ್ ಅನ್ನುತ್ತಾರೆ. ಕತ್ತಿನ ಹಿಂದೆ ಇರುವ, ಎಲ್ಲಕ್ಕಿಂತ ಬಿಗಿಯಾದ ಸಣ್ಣ ಕೂದಲಿಗೆ ಕಿಚನ್ ಅಂತ ಹೆಸರು! ಹಣೆಯಂಚಿನ ಎಳೆ ಕೂದಲು ಎಡ್ಜಸ್. ಅದನ್ನು ಸಣ್ಣ ಬ್ರಷ್ಷಿನಿಂದ ತೀಡಿ ಕೂರಿಸುವುದೇ ಒಂದು ಕಲೆ.

ಈ ಕೂದಲಿಗೆ ಇಷ್ಟು ಆರೈಕೆ ಯಾಕೆ?

ಕೂದಲು ಹುಟ್ಟುವುದು ನೆತ್ತಿಯೊಳಗಿನ ಒಂದು ಸಣ್ಣ ಚೀಲದಿಂದ. ಆ ಚೀಲ ನೆಟ್ಟಗಿದ್ದರೆ ಕೂದಲೂ ನೇರ. ಚೀಲ ಬಾಗಿದ್ದರೆ ಕೂದಲು ಹೊರಬರುವಾಗಲೇ ತಿರುಚಿಕೊಂಡು ಬರುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ, ಸುರುಳಿ ಕೂದಲು ಚಪ್ಪಟೆ ಮೊಟ್ಟೆಯಾಕಾರ.

ಈಗ ಎಣ್ಣೆಯ ವಿಷಯ. ನೆತ್ತಿಯಲ್ಲಿ ಸಹಜವಾಗಿ ಎಣ್ಣೆಯಂಶ ಒಸರುತ್ತದೆ. ನೇರ ಕೂದಲಲ್ಲಿ ಅದು ಹೈವೇಯಲ್ಲಿ ಕಾರು ಹೋದಂತೆ ಸಲೀಸಾಗಿ ತುದಿವರೆಗೆ ಇಳಿಯುತ್ತದೆ. ಬಿಗಿ ಸುರುಳಿಯಲ್ಲಿ ಅದು ಆಗುಂಬೆ ಘಾಟಿ ಇಳಿದ ಹಾಗೆ. ತಿರುವಿನ ಮೇಲೆ ತಿರುವು. ತುದಿ ಮುಟ್ಟುವುದೇ ಇಲ್ಲ. ಹಾಗಾಗಿ ಬುಡ ಚೆನ್ನಾಗಿದ್ದರೂ ತುದಿ ಒಣಗುತ್ತದೆ. ಒಂದೊಂದು ತಿರುವೂ ಕೂದಲು ತುಂಡಾಗಬಹುದಾದ ಜಾಗ. ನೋಡಲು ದಟ್ಟ, ಗಟ್ಟಿ ಅನ್ನಿಸುವ ಈ ಕೂದಲು ನಿಜಕ್ಕೂ ಬಹಳ ನಾಜೂಕು. ಒಣಗಿದ್ದಾಗ ಎಳೆದು ಬಾಚಿದರೆ ಕಿತ್ತೇ ಬರುತ್ತದೆ.

ಇನ್ನೊಂದು ಗುಣ ಕುಗ್ಗುವುದು. ಬಾಲ್ ಪೆನ್ನಿನೊಳಗಿನ ಸ್ಪ್ರಿಂಗ್ ಎಳೆದು ಬಿಟ್ಟರೆ ಗಿಡ್ಡವಾಗುತ್ತದಲ್ಲ, ಹಾಗೆ. ಒದ್ದೆಯಾಗಿ ಒಣಗಿದ ಮೇಲೆ ಬೆನ್ನಿನವರೆಗಿನ ಕೂದಲು ಕಿವಿ ಪಕ್ಕಕ್ಕೆ ಬಂದು ಕೂರಬಹುದು. ನಮ್ಮ ಮಗುವಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಉಳಿದರ್ಧ, ಜಡೆ ಹಾಕುವಾಗ ಸೇರಿಸುವ ಕೃತಕ ಕೂದಲು. ನಮ್ಮಲ್ಲಿ ಚೌರಿ ಇಟ್ಟು ಜಡೆ ಹೆಣೆಯುವುದಿಲ್ಲವೇ? ಅದೇ ಕೆಲಸ.

ಆರು ಗಂಟೆ ಏನು ನಡೆಯುತ್ತದೆ?

ತಲೆ ತೊಳೆಯುವ ದಿನಕ್ಕೆ ಅಲ್ಲಿ ವಾಶ್ ಡೇ ಅಂತಲೇ ಹೆಸರು. ನಮ್ಮ ಎಣ್ಣೆ ಸ್ನಾನದ ಹಾಗೆ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವ ಹಾಗಿಲ್ಲ. ಸಲೂನಿನಲ್ಲಿ ಮೊದಲು ಕೂದಲನ್ನು ನಾಲ್ಕೋ ಆರೋ ಭಾಗ ಮಾಡಿ ಕ್ಲಿಪ್ ಹಾಕುತ್ತಾರೆ. ಕಂಡೀಷನರ್ ಹಚ್ಚಿ, ನೀರು ಚಿಮುಕಿಸಿ, ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುತ್ತಾರೆ. ಬುಡದಿಂದ ತುದಿಗೆ ಎಳೆದರೆ ಸಿಕ್ಕೆಲ್ಲ ಕೆಳಗೆ ಗಂಟಾಗುತ್ತದೆ. ತೊಳೆದ ಮೇಲೆ ಮೊದಲು ನೀರಿನಂಶದ ಲೇಪ, ಮೇಲೆ ಎಣ್ಣೆ, ಅದರ ಮೇಲೆ ಕ್ರೀಮ್. ಒಳಗಿನ ತೇವ ಆರದಂತೆ ಮುಚ್ಚಳ ಹಾಕಿದ ಹಾಗೆ. ಪಶ್ಚಿಮ ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆಗೆ ಇಲ್ಲಿ ವಿಶೇಷ ಜಾಗ.

ಆಮೇಲೆ ಜಡೆ. ಹತ್ತಿರ ನಿಂತು ನೋಡಬೇಕು ಆ ಕೈಗಳನ್ನು. ಹಿಡಿ ಕಡ್ಡಿಯಂತಿರುವ ಬಾಚಣಿಗೆ ತಿರುಗಿಸಿ, ಅದರ ಚೂಪು ತುದಿಯಿಂದ ನೆತ್ತಿಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ನಮ್ಮ ಬೈತಲೆಯಂತೆ ಒಂದಲ್ಲ, ಹತ್ತಾರು. ಅಡ್ಡ, ಉದ್ದ ಗೆರೆಗಳು ಸೇರಿ ಸಣ್ಣ ಸಣ್ಣ ಚೌಕಗಳಾಗುತ್ತವೆ. ಬೆರಳ ತುದಿಯಲ್ಲಿ ಚೂರು ಜೆಲ್ ತೆಗೆದು ಚೌಕದ ಅಂಚಿಗೆ ಸವರುತ್ತಾರೆ. ಮೂರು ಎಳೆ ಹಿಡಿದು, ಕೃತಕ ಕೂದಲು ಸೇರಿಸಿ ಹೆಣೆಯುತ್ತಾ ಇಳಿಯುತ್ತಾರೆ. ಕಣ್ಣು ಗಿರಾಕಿಯ ಮಾತಿನ ಮೇಲೆ, ಬೆರಳು ತಮ್ಮ ಪಾಡಿಗೆ. ಎಲ್ಲ ಮುಗಿದ ಮೇಲೆ ಜಡೆಯ ತುದಿಗಳನ್ನು ಗೊಂಚಲಾಗಿ ಹಿಡಿದು ಬಿಸಿನೀರಿನಲ್ಲಿ ಅದ್ದುತ್ತಾರೆ. ಬಿಸಿಗೆ ಕೃತಕ ಎಳೆಗಳು ಕೂಡಿಕೊಂಡು ತುದಿ ಬಿಚ್ಚುವುದಿಲ್ಲ. ಇವು ಬಾಕ್ಸ್ ಬ್ರೇಡ್ಸ್. ಜಡೆ ಸಣ್ಣಗಿದ್ದಷ್ಟೂ ಹೊತ್ತು ಜಾಸ್ತಿ. ಆರು ಗಂಟೆ ಏನೂ ಅಪರೂಪವಲ್ಲ.

ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದರೆ ಅದು ಕಾರ್ನ್‌ರೋ, ಅಂದರೆ ಮೆಕ್ಕೆಜೋಳದ ಸಾಲು. ಕೆರಿಬಿಯನ್ ದ್ವೀಪಗಳಲ್ಲಿ ಇದನ್ನೇ ಕೇನ್‌ರೋ, ಕಬ್ಬಿನ ಸಾಲು ಅನ್ನುತ್ತಾರೆ. ಅಲ್ಲಿ ಗುಲಾಮರು ದುಡಿದದ್ದು ಕಬ್ಬಿನ ಗದ್ದೆಗಳಲ್ಲಿ.

ಇವನ್ನೆಲ್ಲ ಒಟ್ಟಾಗಿ ಪ್ರೊಟೆಕ್ಟಿವ್ ಸ್ಟೈಲ್ ಅನ್ನುತ್ತಾರೆ. ಕೂದಲಿನ ತುದಿ ಒಳಗೆ ಸೇರಿಕೊಳ್ಳುವುದರಿಂದ ಉಜ್ಜಿ ಸವೆಯುವುದಿಲ್ಲ, ದಿನಾ ಬಾಚಬೇಕಿಲ್ಲ. ಆದರೆ ವಿಪರೀತ ಬಿಗಿ ಮಾಡಿದರೆ ಹಣೆಯಂಚಿನ ಕೂದಲು ಬುಡಸಹಿತ ಉದುರಿ, ಮತ್ತೆ ಬಾರದೆಯೂ ಹೋಗಬಹುದು. ನೋವಾದರೆ ಹೇಳಬೇಕು. ಒಳ್ಳೆಯ ಜಡೆಗಾತಿ ಅದನ್ನು ಕೇಳಿಯೇ ಕೇಳುತ್ತಾಳೆ.

ಈ ಜಡೆಗಳು ಎಲ್ಲಿಂದ ಬಂದವು?

ಪಶ್ಚಿಮ ಆಫ್ರಿಕಾದ ಹಲವು ಸಮಾಜಗಳಲ್ಲಿ ಜಡೆ ನೋಡಿಯೇ ಆ ವ್ಯಕ್ತಿಯ ಊರು, ವಯಸ್ಸು, ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನು ಹೇಳಬಹುದಿತ್ತು. ಯೊರುಬಾ ಜನರಿಗೆ ತಲೆ ಎಂದರೆ ಹಣೆಬರಹ ಇರುವ ಜಾಗ. ಅದನ್ನು ಅವರು ಒರಿ ಅನ್ನುತ್ತಾರೆ. ಹಾಗಾಗಿ ತಲೆ ಮುಟ್ಟುವವಳು ನಂಬಿಕೆಯವಳೇ ಆಗಿರಬೇಕು. ನೈಜೀರಿಯಾದ ಛಾಯಾಗ್ರಾಹಕ ಜೆ. ಡಿ. ಒಖಾಯ್ ಒಜೈಕೆರೆ 1968ರಿಂದ ತಮ್ಮ ದೇಶದ ಹೆಂಗಸರ ಕೇಶಶೈಲಿಗಳನ್ನು ಹಿಂದಿನಿಂದ, ಪಕ್ಕದಿಂದ ಕಪ್ಪುಬಿಳುಪಿನಲ್ಲಿ ತೆಗೆಯುತ್ತಾ ಹೋದರು. ಸುಮಾರು ಸಾವಿರ ಚಿತ್ರಗಳಾದವು. ಎಷ್ಟೋ ಜಡೆಗಳು ಕಟ್ಟಿದ ಗೋಪುರಗಳಂತೆ ಕಾಣುತ್ತವೆ.

ಗುಲಾಮರ ವ್ಯಾಪಾರ ಮೊದಲು ಕಿತ್ತುಕೊಂಡ ಗುರುತುಗಳಲ್ಲಿ ಈ ಕೂದಲೂ ಒಂದು. ಹಿಡಿದು ತಂದ ಆಫ್ರಿಕನ್ನರ ತಲೆ ಬೋಳಿಸುತ್ತಿದ್ದರು. ಅತ್ತ ಅಮೆರಿಕದಲ್ಲಿ ಬಾಚಣಿಗೆ ಇಲ್ಲ, ಎಣ್ಣೆ ಇಲ್ಲ, ಪುರುಸೊತ್ತಂತೂ ಇಲ್ಲವೇ ಇಲ್ಲ. ಇದ್ದ ಒಂದು ರಜೆ ಭಾನುವಾರ. ಅವತ್ತು ಒಬ್ಬರ ಹಿಂದೆ ಒಬ್ಬರು ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಸಲೂನಿನ ಬೇರು ಅಲ್ಲಿದೆ ಅಂತ ನನಗನ್ನಿಸುತ್ತದೆ.

ಕೊಲಂಬಿಯಾದ ಸಾನ್ ಬೆಸಿಲಿಯೋ ದೆ ಪಲೆಂಕೆ ಎಂಬ ಊರು ತಪ್ಪಿಸಿಕೊಂಡ ಗುಲಾಮರು ಕಟ್ಟಿದ್ದು. ಓಡಿಹೋಗುವ ದಾರಿಯ ನಕ್ಷೆಯನ್ನು ಹೆಂಗಸರು ಜಡೆಯಲ್ಲೇ ಹೆಣೆದಿಟ್ಟಿದ್ದರು ಎಂಬ ಮಾತು ಆ ಊರಿನಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಇತ್ತ ಸ್ಪೇನಿನ ಕೈಯಲ್ಲಿದ್ದ ಲೂಯಿಸಿಯಾನದಲ್ಲಿ 1786ರಲ್ಲಿ ಗವರ್ನರ್ ಎಸ್ತೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ. ಆಫ್ರಿಕನ್ ಮೂಲದ ಸ್ವತಂತ್ರ ಹೆಂಗಸರು ಕೂದಲು ಕಾಣದಂತೆ ವಸ್ತ್ರ ಸುತ್ತಿಕೊಳ್ಳಬೇಕು, ಅಲಂಕಾರ ಮಾಡಬಾರದು. ಅವರು ಸುತ್ತಿಕೊಂಡರು. ಬಣ್ಣಬಣ್ಣದ ಬಟ್ಟೆ ತಂದು, ಎಷ್ಟು ಚೆಂದ ಸುತ್ತಿಕೊಂಡರೆಂದರೆ ಅದೇ ಹೊಸ ಫ್ಯಾಷನ್ ಆಯಿತು.

ನೇರ ಕೂದಲ ಒತ್ತಡ

ಗುಲಾಮಗಿರಿ 1865ರಲ್ಲಿ ಮುಗಿಯಿತು. ಒಳ್ಳೆಯ ಕೂದಲೆಂದರೆ ನೇರ ಕೂದಲು ಎಂಬ ಮಾತು ಉಳಿಯಿತು. ಕೆಲಸ ಬೇಕಿದ್ದರೆ, ಮರ್ಯಾದೆ ಬೇಕಿದ್ದರೆ ನೇರ ಮಾಡಬೇಕು. ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೆ ಬಂತು. ಆಮೇಲೆ ರಿಲ್ಯಾಕ್ಸರ್.

ರಿಲ್ಯಾಕ್ಸರ್ ಕೆಲಸ ಮಾಡುವ ರೀತಿ ಹೀಗಿದೆ. ಕೂದಲು ಕೆರಟಿನ್ ಎಂಬ ಪ್ರೋಟೀನಿನದು. ಅದರ ಎಳೆಗಳ ನಡುವೆ ಏಣಿಯ ಮೆಟ್ಟಿಲಿನಂಥ ಗಂಧಕದ ಕೊಂಡಿಗಳಿವೆ. ಸುರುಳಿಯನ್ನು ಹಿಡಿದಿಡುವ ಮುಖ್ಯ ಕೊಂಡಿಗಳಿವು. ಹಳೇ ಕಾಲದ ರಿಲ್ಯಾಕ್ಸರಿನಲ್ಲಿ ಇದ್ದದ್ದು ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾ. ಅದು ಕೊಂಡಿಗಳನ್ನು ಒಡೆಯುತ್ತದೆ. ಮೆಟ್ಟಿಲು ಮುರಿದ ಏಣಿ ಮೆತ್ತಗಾಗಿ ನೇರಕ್ಕೆ ಬರುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೆ ನೆತ್ತಿ ಸುಡುತ್ತದೆ. ಬುಡದಲ್ಲಿ ಹೊಸ ಸುರುಳಿ ಬಂದಂತೆಲ್ಲ ಮತ್ತೆ ಹಚ್ಚಬೇಕು.

2022ರ ಸುದ್ದಿ ಇದಕ್ಕೆ ಸಂಬಂಧಿಸಿದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸುಮಾರು 33,500 ಹೆಂಗಸರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದರು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64 ಎಂದು ಅಂದಾಜಾಯಿತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ರಾಸಾಯನಿಕವೇ ಕಾರಣ ಎಂದು ಈ ಅಧ್ಯಯನ ಸಾಬೀತು ಮಾಡಿಲ್ಲ. ಎರಡೂ ಜೊತೆಜೊತೆಗೆ ಕಂಡವು ಎಂದಷ್ಟೇ ಹೇಳಿದೆ. ಆದರೆ ಇವನ್ನು ಹೆಚ್ಚು ಬಳಸುತ್ತಿದ್ದವರು ಕಪ್ಪು ಹೆಂಗಸರು. ಹಾಗಾಗಿ ಆತಂಕವೂ ಹೆಚ್ಚಾಗಿ ಅವರದೇ.

ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಕಪ್ಪು ಬಣ್ಣ ಸುಂದರ ಎಂಬ ಕೂಗಿನೊಂದಿಗೆ ದುಂಡಗೆ ಅರಳಿದ ಆಫ್ರೋ ಬಂದಿತ್ತು. ಕಳೆದ ಎರಡು ದಶಕಗಳಲ್ಲಿ ಯೂಟ್ಯೂಬ್ ನೋಡಿ ಕಲಿತ ಹೊಸ ಪೀಳಿಗೆ ಮತ್ತೆ ಸಹಜ ಕೂದಲಿಗೆ ಮರಳಿತು.

ಯಾರೂ ಕೆಲಸದಿಂದ ತೆಗೆಯಲಾಗದ ಹೆಂಗಸು

ಸಲೂನ್ ಯಾಕೆ ಸಮುದಾಯದ ಜಗಲಿಯಾಯಿತು? ಮೊದಲ ಕಾರಣ ಹೊತ್ತು. ಗಂಟೆಗಟ್ಟಲೆ ಕೂತರೆ ಮಾತು ಹುಟ್ಟದೆ ಇರುತ್ತದೆಯೇ? ಎರಡನೆಯದು ದುಡ್ಡಿನ ಸ್ವಾತಂತ್ರ್ಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೇಡಂ ಸಿ. ಜೆ. ವಾಕರ್ ಹುಟ್ಟಿದ್ದು 1867ರಲ್ಲಿ, ಲೂಯಿಸಿಯಾನದ ಹತ್ತಿ ತೋಟದಲ್ಲಿ. ಆ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು. ಬಟ್ಟೆ ಒಗೆದು ಬದುಕುತ್ತಿದ್ದವರು ಕೂದಲಿನ ಔಷಧಿ ಮಾರಲು ಶುರುಮಾಡಿ, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿ ಕಾರ್ಖಾನೆ ಕಟ್ಟಿದರು. ಸಾವಿರಾರು ಕಪ್ಪು ಹೆಂಗಸರು ಅವರ ಏಜೆಂಟರಾಗಿ ಸ್ವಂತ ದುಡಿಮೆ ಕಂಡರು. 1917ರಲ್ಲಿ ಈ ಏಜೆಂಟರೆಲ್ಲ ಫಿಲಡೆಲ್ಫಿಯಾದಲ್ಲಿ ಸಮಾವೇಶ ಸೇರಿದರು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯಿರಿ ಎಂದು ಅಲ್ಲಿಂದಲೇ ಅಧ್ಯಕ್ಷ ವಿಲ್ಸನ್‌ಗೆ ತಂತಿ ಕಳಿಸಿದರು.

ಇನ್ನು ದಕ್ಷಿಣ ಕೆರೊಲಿನಾಕ್ಕೆ ಬನ್ನಿ. 1950ರ ದಶಕ. ವೋಟಿನ ಹಕ್ಕು ಬೇಕೆಂದರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಓದು ಕಲಿಯಲು ಬಿಡದಿದ್ದ ಜನಕ್ಕೆ ಈ ಪರೀಕ್ಷೆ! ಅಲ್ಲಿನ ಶಾಲಾ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಹಕ್ಕಿನ ಹೋರಾಟದ ಸಂಘಟನೆಯಲ್ಲಿದ್ದರು. 1956ರಲ್ಲಿ ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ಪಿಂಚಣಿಯೂ ಹೋಯಿತು. ಸರ್ಕಾರಿ ನೌಕರಿಯಲ್ಲಿದ್ದವರ ಬಾಯಿ ಕಟ್ಟುವುದು ಅಷ್ಟು ಸುಲಭವಿತ್ತು.

ಕ್ಲಾರ್ಕ್ ಅವರ ಸಂಬಂಧಿ ಬರ್ನೀಸ್ ರಾಬಿನ್‌ಸನ್ ಚಾರ್ಲ್‌ಸ್ಟನ್‌ನಲ್ಲಿ ಕೇಶಾಲಂಕಾರ ಮಾಡುತ್ತಿದ್ದರು. ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ. ಅವರ ಅನ್ನ ಕಿತ್ತುಕೊಳ್ಳಲು ಯಾವ ಬಿಳಿಯ ಧಣಿಯೂ ಇರಲಿಲ್ಲ. 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ ದೊಡ್ಡವರಿಗೆ ಓದು ಕಲಿಸುವ ಮೊದಲ ಪೌರತ್ವ ಶಾಲೆ ಶುರುವಾದಾಗ ಟೀಚರ್ ಆದದ್ದು ಅವರೇ. ಮುಂಭಾಗದಲ್ಲಿ ಸಹಕಾರಿ ಅಂಗಡಿ, ಹಿಂದಿನ ಕೋಣೆಯಲ್ಲಿ ಕ್ಲಾಸು. ಹೊರಗಿನವರಿಗೆ ಅನುಮಾನ ಬರಬಾರದಲ್ಲ. ಮೊದಲ ತಂಡದಲ್ಲಿ 14 ಜನ. ಮೇಷ್ಟರ ಹಾಗೆ ನಿಂತು ಪಾಠ ಒಪ್ಪಿಸುವ ಬದಲು ನಿಮಗೇನು ಕಲಿಯಬೇಕು ಅಂತ ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಮನಿಯಾರ್ಡರ್ ತುಂಬಬೇಕು ಅಂದರು. ಅಲ್ಲಿಂದಲೇ ಶುರುಮಾಡಿದರು. ಕೂದಲ ಕುರ್ಚಿಯ ಹಿಂದೆ ನಿಂತು ಎದುರಿನವರ ಮಾತು ಕೇಳಿಸಿಕೊಳ್ಳುವ ಅಭ್ಯಾಸ ಇಲ್ಲಿ ಕೈಹಿಡಿಯಿತು. ಈ ಶಾಲೆಗಳು ಮುಂದೆ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ವೆರಾ ಪಿಗೀ ಎಂಬ ಇನ್ನೊಬ್ಬರು ತಮ್ಮ ಸಲೂನಿನಲ್ಲೇ ಇಂಥ ಪಾಠ ನಡೆಸಿದರು.

ಈಗಿನ ಸಲೂನಿನೊಳಗೆ

ಆ ರೂಢಿ ನಿಂತಿಲ್ಲ. ಶನಿವಾರ ಬೆಳಿಗ್ಗೆ ಇಂಥ ಸಲೂನಿಗೆ ಹೋದರೆ ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರು ಒಟ್ಟಿಗೆ ಕೂತಿರುವುದು ಸಾಮಾನ್ಯ. ಊಟದ ಡಬ್ಬ ಬರುತ್ತದೆ. ಯಾರಿಗೆ ಕೆಲಸ ಹೋಯಿತು, ಯಾರ ಮಗ ಕಾಲೇಜು ಸೇರಿದ, ಯಾವ ಡಾಕ್ಟರ್ ಒಳ್ಳೆಯವರು ಎಲ್ಲ ಇಲ್ಲೇ ಗೊತ್ತಾಗುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನ 125ನೇ ಬೀದಿಯ ಸುತ್ತ ಸೆನೆಗಲ್ ಮುಂತಾದ ದೇಶಗಳಿಂದ ಬಂದ ಹೆಂಗಸರ ಜಡೆ ಅಂಗಡಿಗಳಿವೆ. ಅಲ್ಲಿ ವೊಲೊಫ್, ಫ್ರೆಂಚ್, ಇಂಗ್ಲಿಷ್ ಮೂರೂ ಕೇಳಿಸುತ್ತವೆ.

ಹಬ್ಬಗಳೂ ಇಲ್ಲಿ ಕಾಣುತ್ತವೆ. ಫೆಬ್ರವರಿ ಕಪ್ಪು ಇತಿಹಾಸದ ತಿಂಗಳು. ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭಿಸಿದ್ದು 1976ರಲ್ಲಿ ತಿಂಗಳಾಯಿತು. ಜೂನ್ 19 ಜೂನ್‌ಟೀಂತ್. 1865ರಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಬಿಡುಗಡೆಯ ಸುದ್ದಿ ತಲುಪಿದ ದಿನ. 2021ರಿಂದ ಇದು ದೇಶಕ್ಕೇ ರಜೆ. ಡಿಸೆಂಬರ್ 26ರಿಂದ ಜನವರಿ 1ರವರೆಗೆ ಕಪ್ಪು ಅಮೆರಿಕನ್ನರ ಹಬ್ಬ ಕ್ವಾನ್ಜಾ. ಈ ದಿನಗಳ ಮುಂಚೆ ಕುರ್ಚಿ ಖಾಲಿ ಸಿಗುವುದು ಕಷ್ಟ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಟೈಲರ್ ಅಂಗಡಿ ಹೇಗಿರುತ್ತದೋ ಹಾಗೆ. ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಕೆಲವು ಸಲೂನುಗಳು ಒಂದು ದಿನ ಬಡ ಮಕ್ಕಳಿಗೆ ಬಿಟ್ಟಿ ಜಡೆ ಹಾಕಿಕೊಡುತ್ತವೆ.

ಆರೋಗ್ಯದ ಕೆಲಸವೂ ಇಂಥ ಜಾಗಗಳಲ್ಲಿ ಚೆನ್ನಾಗಿ ನಡೆಯುತ್ತದೆ ಎಂಬುದಕ್ಕೆ ಗಂಡಸರ ಕ್ಷೌರದಂಗಡಿಯಿಂದ ಸಾಕ್ಷಿ ಇದೆ. ಲಾಸ್ ಏಂಜಲೀಸ್ ಕಡೆಯ 52 ಅಂಗಡಿಗಳಲ್ಲಿ, ಬಿಪಿ ಹೆಚ್ಚಿದ್ದ 319 ಕಪ್ಪು ಗಂಡಸರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಔಷಧಿ ಕೊಟ್ಟ ಗುಂಪಿನಲ್ಲಿ ಮೇಲಿನ ಬಿಪಿ ಆರು ತಿಂಗಳಲ್ಲಿ ಸರಾಸರಿ 27 ಅಂಕ ಇಳಿಯಿತು. ಡಾಕ್ಟರ ಹತ್ತಿರ ಹೋಗಿ ಎಂದು ಕ್ಷೌರಿಕರು ಹೇಳಿ ಕಳಿಸಿದ ಗುಂಪಿನಲ್ಲಿ ಇಳಿದದ್ದು ಸುಮಾರು 9 ಅಂಕ. ಆಸ್ಪತ್ರೆಯಲ್ಲಿ ಹೇಳಿದ್ದು ಮರೆಯುತ್ತದೆ. ವರ್ಷಗಳಿಂದ ತಲೆ ಒಪ್ಪಿಸಿದವನ ಮಾತು ಮರೆಯುವುದಿಲ್ಲ.

ಕೂದಲಿಗೆ ಕಾನೂನು ಯಾಕೆ ಬೇಕಾಯಿತು?

2010ರಲ್ಲಿ ಅಲಬಾಮದಲ್ಲಿ ಒಬ್ಬ ಕಪ್ಪು ಹೆಂಗಸಿಗೆ ಕೆಲಸ ಸಿಕ್ಕಿತ್ತು. ಜಟೆಯಂತೆ ಹೊಸೆದ ಕೂದಲು ಕತ್ತರಿಸಲು ಒಪ್ಪದ್ದಕ್ಕೆ ಕೆಲಸ ವಾಪಸ್ ಹೋಯಿತು. ಕೇಶಶೈಲಿ ಬದಲಿಸಿಕೊಳ್ಳಬಹುದಾದದ್ದು, ಅದು ಜನಾಂಗದ ಗುಣವಲ್ಲ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಂದರೆ ಕಪ್ಪು ಬಣ್ಣಕ್ಕೆ ರಕ್ಷಣೆ ಇದೆ, ಆ ಬಣ್ಣದ ಜೊತೆ ಬಂದ ಕೂದಲ ಜಡೆಗೆ ಇಲ್ಲ. ಈ ತೂತು ಮುಚ್ಚಲು ಬಂದದ್ದೇ, ಸಹಜ ಕೂದಲು, ಜಡೆಯ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವ ಕ್ರೌನ್ ಕಾಯ್ದೆ. 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಮಾಡಿತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆ ದಾಟಿತು, ಸೆನೆಟ್ ದಾಟಲಿಲ್ಲ.

ಸಲೂನಿನವರೂ ಕೋರ್ಟು ಹತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಬರೀ ಜಡೆ ಹಾಕುವವರಿಗೂ 1,600 ಗಂಟೆ ಬ್ಯೂಟಿ ಕೋರ್ಸ್ ಕಡ್ಡಾಯವಿತ್ತು. ಅಜ್ಜಿಯಿಂದ ಕಲಿತ ಜಡೆಗೂ ಆ ಕೋರ್ಸಿಗೂ ಹೆಚ್ಚು ಸಂಬಂಧವೇ ಇರಲಿಲ್ಲ. ಸಣ್ಣ ಲಾಕ್ಸ್ (ಜಟೆಯಂತೆ ಹೊಸೆದ ಕೂದಲು) ಮಾಡುವ ವಿಧಾನ ರೂಪಿಸಿದ ಜೊಆನ್ ಕಾರ್ನ್‌ವೆಲ್ ದಾವೆ ಹೂಡಿ 1999ರಲ್ಲಿ ಗೆದ್ದರು.

ನಮ್ಮ ಕಡೆಯ ನಂಟು

ನಂಟು ಎರಡಿದೆ. ಒಂದು ರಕ್ತದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ. ಕನ್ನಡ, ಕೊಂಕಣಿ ಮಾತಾಡುವ ಈ ನಮ್ಮವರನ್ನೇ ಅವರ ಕೂದಲು ನೋಡಿ "ಯಾವ ದೇಶ?" ಅಂತ ಕೇಳುವವರು ಇವತ್ತಿಗೂ ಇದ್ದಾರೆ. ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ ಎಂದು ಕೇಳಿದವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ವ್ಯಾಪಾರದ್ದು. ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಕೂಡಿಟ್ಟು, ಬೀದಿಯಲ್ಲಿ ಬರುವವರಿಗೆ ಕೊಟ್ಟು ಪಿನ್ನೋ ಪಾತ್ರೆಯೋ ತೆಗೆದುಕೊಂಡ ನೆನಪು ನಿಮಗೂ ಇರಬಹುದು. ಕೊಪ್ಪಳದ ಭಾಗ್ಯನಗರದಲ್ಲಿ ಅಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡುವುದೇ ಎಷ್ಟೋ ಹೆಂಗಸರ ದುಡಿಮೆ. ಭಾರತದ ಕೂದಲು ಹೀಗೆ ಕೈ ದಾಟುತ್ತಾ ವಿಗ್ ಆಗಿ, ಎಕ್ಸ್‌ಟೆನ್ಷನ್ ಆಗಿ ಅಮೆರಿಕದ ಅಂಗಡಿಗಳನ್ನೂ ಸೇರುತ್ತದೆ.

ಮುಟ್ಟಬಹುದಾ?

ಬೇಡ. "ಚೆನ್ನಾಗಿದೆ" ಅಂದರೆ ಸಾಕು. ಕುತೂಹಲಕ್ಕೆ ಅಪರಿಚಿತರು ಕೂದಲಿಗೆ ಕೈಹಾಕುವುದು ಕಪ್ಪು ಹೆಂಗಸರು ದಿನವೂ ಅನುಭವಿಸುವ ಕಿರಿಕಿರಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ.

ಆ ಜಡೆ ದಿನಾ ಬಿಚ್ಚಿ ಹಾಕುತ್ತಾರಾ? ಇಲ್ಲ. ಆರೆಂಟು ವಾರ ಇರುತ್ತದೆ. ರಾತ್ರಿ ಹತ್ತಿಯ ದಿಂಬು ತೇವ ಹೀರದಂತೆ ಸ್ಯಾಟಿನ್ ಟೊಪ್ಪಿ ಹಾಕಿ ಮಲಗುತ್ತಾರೆ. ಆಮೇಲೆ ಒಂದು ಸಂಜೆ ಟಿವಿ ಮುಂದೆ ಕೂತು, ಮನೆಯವರೆಲ್ಲ ಸೇರಿ ಒಂದೊಂದೇ ಬಿಚ್ಚುತ್ತಾರೆ. ತಲೆ ತೊಳೆದು, ಕೂದಲಿಗೆ ಕೆಲವು ದಿನ ಬಿಡುವು ಕೊಟ್ಟು, ಇನ್ನೊಂದು ಶನಿವಾರ ಮತ್ತೆ ಅದೇ ಕುರ್ಚಿ. ಎರಡು ತಿಂಗಳ ಹಿಂದೆ ಅರ್ಧಕ್ಕೆ ನಿಂತಿದ್ದ ಮಾತು ಅಲ್ಲಿಂದಲೇ ಮುಂದುವರಿಯುತ್ತದೆ.